ನಂಬಿಕೆ ಆಮೇಲೆ, ಮೊದಲು ಕಿಕ್ಕರ್ ಹೊಡೆದು ನೋಡಿ



ಈ ಸಲ ಒಳಮೀಸಲಾತಿ ಬಗ್ಗೆ ಅಲ್ಲ, ಎಲೆಕ್ಷನ್ ಬಗ್ಗೆನೂ ಅಲ್ಲ. ಸೆಕೆಂಡ್ ಹ್ಯಾಂಡ್ ಬೈಕ್ ಬಗ್ಗೆ ಬರೀತಿದ್ದೀನಿ. ನಗೋರು ಈಗಲೇ ನಕ್ಕುಬಿಡಿ. ನಕ್ಕಾದ ಮೇಲೆ ಪೂರ್ತಿ ಓದಿ.

ಹೋದ ತಿಂಗಳು ಒಂದು ಮಧ್ಯಾಹ್ನ ಆಫೀಸಲ್ಲಿ ಫೈಲು ನೋಡ್ತಾ ಕೂತಿದ್ದೆ. ಅಕ್ಕನ ಮಗ ಫೋನ್ ಮಾಡಿದ. "ಮಾವ, ಗಾಡಿ ಕಿತ್ಕೊಂಡೋದ್ರು" ಅಂದ. ಯಾರೋ ಅಂದ್ರೆ ಫೈನಾನ್ಸ್‌ನೋರು. ಅವನು ಗಾಡಿ ತಗೊಂಡು ಎರಡು ತಿಂಗಳು ಆಗಿತ್ತು ಅಷ್ಟೇ. 42 ಸಾವಿರ ಕೊಟ್ಟಿದ್ದ. ಅದರಲ್ಲಿ 30 ಸಾವಿರ ಅಕ್ಕ ಮಹಿಳಾ ಸಂಘದಲ್ಲಿ ಎತ್ತಿದ್ದು. ಹಳೇ ಮಾಲೀಕ ಕಂತು ಕಟ್ಟಿರಲಿಲ್ಲ. ಆರ್‌ಸಿಯಲ್ಲಿ ಫೈನಾನ್ಸ್ ಹೆಸರು ಹಾಗೇ ಇತ್ತು. "ಎನ್‌ಒಸಿ ಮುಂದಿನ ವಾರ ಕೊಡ್ತೀನಿ" ಅಂತ ಹೇಳಿ ಬ್ರೋಕರ್ ದುಡ್ಡು ಎಣಿಸಿಕೊಂಡಿದ್ದ. ನಮ್ಮ ಹುಡುಗ ಡೆಲಿವರಿ ಕೆಲಸಕ್ಕೆ ಸೇರಿದ್ದ. ಗಾಡಿ ಹೋಯ್ತು, ಕೆಲಸ ಹೋಯ್ತು. ಸಂಘದ ಕಂತು ಮಾತ್ರ ಉಳೀತು. ಅಕ್ಕ ಈಗಲೂ ಪ್ರತಿ ವಾರ ಕಟ್ತಾ ಇದ್ದಾಳೆ, ಇಲ್ಲದ ಗಾಡಿಗೆ.

"ಆರ್‌ಸಿ ನೋಡಲಿಲ್ವೇನೋ?" ಅಂತ ಬೈದೆ. ಅವನು ಹೇಳಿದ ಒಂದು ಮಾತಿಗೆ ನಾನು ಸುಮ್ಮನಾಗಿಬಿಟ್ಟೆ.

"ಅಣ್ಣ ನಮ್ಮವನೇ ಅಲ್ವಾ ಮಾವ. ಹೆಂಗೆ ಕೇಳೋದು?"

ಹೌದು, ಬ್ರೋಕರ್ ನಮ್ಮವನೇ. ಏಪ್ರಿಲ್ 14ಕ್ಕೆ ವೇದಿಕೆ ಮೇಲೆ ಇರ್ತಾನೆ, ನೀಲಿ ಶಾಲು ಹಾಕ್ಕೊಂಡು. ಅವನ ಬಗ್ಗೆ ಆಮೇಲೆ ಬರ್ತೀನಿ. ಮೊದಲು ನನ್ನದೇ ತಪ್ಪು ಹೇಳಿಕೊಳ್ತೀನಿ. ಯಾಕೆಂದರೆ ಇದೇ ಕೆಲಸ ನಾನೂ ಮಾಡಿದ್ದೀನಿ.

2006ನೇ ಇಸವಿ. ನನಗೆ ಕೆಲಸ ಸಿಕ್ಕಿದ ಹೊಸದು. ಆಫೀಸಲ್ಲಿ ಒಬ್ಬರು ಹಿರಿಯರು ಇದ್ರು, ಮೇಲ್ಜಾತಿಯೋರು, ತುಂಬಾ ಮರ್ಯಾದಸ್ಥರು ಅಂತ ಹೆಸರು. ಅವರ ಬೈಕ್ ಮಾರಾಟಕ್ಕಿದೆ ಅಂತ ಗೊತ್ತಾಯ್ತು. ಮನೆಗೆ ಬಾ ಅಂದ್ರು. ಹೋದೆ. ಒಳಗೆ ಕರೆದ್ರು. ಸೋಫಾ ಮೇಲೆ ಕೂರಿಸಿ, ಅವರು ಕುಡಿಯೋ ಸ್ಟೀಲ್ ಲೋಟದಲ್ಲೇ ನನಗೂ ಕಾಫಿ ಕೊಟ್ರು. ನಮ್ಮೂರಲ್ಲಿ ಹೋಟೆಲ್ ಹೊರಗೆ ತೆಂಗಿನ ಚಿಪ್ಪಲ್ಲಿ ಟೀ ಕುಡಿದ ಅಪ್ಪನ ಮಗ ನಾನು. ಆ ಲೋಟ ಕೈಗೆ ಬಂದಾಗ ಏನಾಯ್ತು ಅಂತ ನಿಮಗೆ ವಿವರಿಸಿ ಹೇಳಬೇಕಾಗಿಲ್ಲ.

ಆ ಲೋಟದ ಋಣಕ್ಕೆ ನಾನು ಗಾಡಿ ಪರೀಕ್ಷೆ ಮಾಡಲಿಲ್ಲ. ಎಂಜಿನ್ ಮುಟ್ಟಿ ನೋಡಲಿಲ್ಲ. ಮೆಕ್ಯಾನಿಕ್ ಕರ್ಕೊಂಡು ಬರ್ತೀನಿ ಅನ್ನೋ ಮಾತು ಬಾಯಿವರೆಗೂ ಬಂತು, ನುಂಗಿಕೊಂಡೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಅವರು ಕೇಳಲೂ ಇಲ್ಲ. ಕೇಳಿಬಿಡ್ತಾರೇನೋ ಅನ್ನೋ ಹೆದರಿಕೆಯೇ ಸಾಕಾಯ್ತು.

ಗಾಡಿ ಹಿಂದೆ ಯಾವತ್ತೋ ಬಿದ್ದಿತ್ತು. ಫೋರ್ಕ್ ಸೊಟ್ಟ. ಐವತ್ತರ ಸ್ಪೀಡ್ ದಾಟಿದ್ರೆ ಹ್ಯಾಂಡಲ್ ಎಡಕ್ಕೆ ಎಳೆಯೋದು. ಮೂರನೇ ವಾರ ಹೆಂಡತಿ ಜೊತೆ ಹೋಗುವಾಗ ತಿರುವಿನಲ್ಲಿ ಬಿದ್ವಿ. ನನ್ನ ಮೊಣಕೈ ತರಚಿತು, ಅವಳ ಕಾಲರ್ ಬೋನ್ ಮುರೀತು. ಮಾರಿದವರು ಬೇಕೂಂತ ಮೋಸ ಮಾಡಿದ್ರಾ, ಇವತ್ತಿಗೂ ಹೇಳಲಾರೆ. ಹೇಳಬೇಕಾದ್ದು ಅದಲ್ಲ. ನೋಡದೇ ತಗೊಂಡವನು ನಾನು. ಮರ್ಯಾದೆ ಸಿಕ್ಕಿತು ಅನ್ನೋ ಖುಷಿಗೆ ಬೆಲೆ ಕಟ್ಟಿದವಳು ನನ್ನ ಹೆಂಡತಿ.

ಬಾಬಾಸಾಹೇಬರ ಬದುಕಲ್ಲೂ ಇಂಥದ್ದೊಂದು ನಡೆದಿದೆ. 1929ರಲ್ಲಿ ಅವರು ಮಹಾರಾಷ್ಟ್ರದ ಚಾಳೀಸ್‌ಗಾಂವ್ ಸ್ಟೇಷನ್‌ನಲ್ಲಿ ಇಳಿದರು. ಮಹಾರ್ ಪ್ರಯಾಣಿಕನನ್ನು ಕೂರಿಸಿಕೊಂಡು ಓಡಿಸೋಕೆ ಟಾಂಗಾದವರು ಒಪ್ಪಲಿಲ್ಲ. ನಮ್ಮ ನಾಯಕರು ನಡೆದುಕೊಂಡು ಬರೋದಾ ಅಂತ ಕೇರಿಯ ಜನ ಟಾಂಗಾ ಮಾತ್ರ ಬಾಡಿಗೆಗೆ ತಗೊಂಡು, ಓಡಿಸಿ ಅಭ್ಯಾಸವೇ ಇಲ್ಲದ ತಮ್ಮವನೊಬ್ಬನನ್ನು ಕೂರಿಸಿದರು. ಸೇತುವೆ ಮೇಲೆ ಟಾಂಗಾ ಅಪಘಾತಕ್ಕೆ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು. ಇದನ್ನ ಅವರೇ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಜನರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಆದರೆ ಅತಿಥಿಯ ಜೀವಕ್ಕಿಂತ ಅತಿಥಿಯ ಘನತೆ ದೊಡ್ಡದಾಗಿಬಿಟ್ಟಿತ್ತು ಅನ್ನೋದನ್ನ ಅವರು ಮುಚ್ಚಿಡಲೂ ಇಲ್ಲ. ಇದಾಗಿ ಸುಮಾರು ನೂರು ವರ್ಷ ಆಗ್ತಾ ಬಂತು. ನಾವಿನ್ನೂ ಅದೇ ಸೇತುವೆ ಮೇಲೆ ಇದ್ದೀವಿ.

ಬೈಕ್ ನಮಗೆ ಶೋಕಿ ಅಲ್ಲ. ನಮ್ಮ ಕೇರಿಗಳಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿ ನೋಡಿ. ಗಾರೆ ಕೆಲಸಕ್ಕೆ, ಗಾರ್ಮೆಂಟ್ಸ್‌ಗೆ, ಡೆಲಿವರಿಗೆ, ಹೆರಿಗೆ ನೋವಿಗೆ ಬೈಕೇ ಗತಿ. ಹೊಸ ಗಾಡಿ ಇವತ್ತು ಒಂದು ಲಕ್ಷದ ಆಸುಪಾಸು. ಹಾಗಾಗಿ ನಮ್ಮ ಪಾಲಿಗೆ ಬರೋದು ಸೆಕೆಂಡು, ಥರ್ಡು ಗಾಡಿಗಳೇ. ಅದಕ್ಕೇ ಹೇಳ್ತಿರೋದು, ಇದು ಚಳವಳಿಯ ವಿಷಯ. ಸಾಲ ಮಾಡಿ ತಂದ ಕಬ್ಬಿಣ ಮೋಸ ಮಾಡಿದ್ರೆ ಒಂದು ಮನೆ ಎರಡು ವರ್ಷ ಹಿಂದಕ್ಕೆ ಹೋಗುತ್ತೆ.

ಈಗ ನೋಡೋದು ಹೇಗೆ ಅಂತ ಹೇಳ್ತೀನಿ. ಹದಿನೈದು ವರ್ಷ ಒಬ್ಬ ಒಳ್ಳೇ ಮೆಕ್ಯಾನಿಕ್ ಪಕ್ಕ ಸ್ಟೂಲ್ ಹಾಕ್ಕೊಂಡು ಕೂತು ಕಲಿತದ್ದು.

ಮೊದಲನೇದು, ಹಗಲು ಹೊತ್ತಲ್ಲೇ ಹೋಗಿ. ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಫೋನಲ್ಲೇ ಹೇಳಿ. ಹೋದ ತಕ್ಷಣ ಎಂಜಿನ್ ಹತ್ರ ಅಂಗೈ ತಗೊಂಡು ಹೋಗಿ. ಬಿಸಿ ಇದ್ರೆ ನಿಮ್ಮ ಮುಂದೆ ಸ್ಟಾರ್ಟ್ ಆಗಲ್ಲ ಅನ್ನೋ ಭಯಕ್ಕೆ ಮೊದಲೇ ಓಡಿಸಿ ಇಟ್ಟಿರಬಹುದು. ತಣ್ಣಗಿರೋ ಗಾಡಿಯನ್ನ ನೀವೇ ಕಿಕ್ಕರ್ ಹೊಡೀರಿ, ಕಿಕ್ಕರ್ ಇಲ್ಲದ ಗಾಡಿ ಆದ್ರೆ ಸೆಲ್ಫ್ ಒತ್ತಿ. ಎರಡು ಮೂರು ಸಲಕ್ಕೆ ಹತ್ತಬೇಕು.

ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ. ಬೆಳಿಗ್ಗೆ ತಂಪಲ್ಲಿ ಸ್ವಲ್ಪ ಬಿಳಿ ಆವಿ ಬಂದು ನಿಂತ್ರೆ ತೊಂದರೆ ಇಲ್ಲ. ರೈಸ್ ಮಾಡಿದಾಗ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಾ ಇದೆ ಅಂತ ಅರ್ಥ. ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ, ಎಂಜಿನ್ ಬಿಚ್ಚೋ ಖರ್ಚು. ಕಪ್ಪು ಹೊಗೆ ಆದ್ರೆ ಪೆಟ್ರೋಲ್ ಜಾಸ್ತಿ ಕುಡೀತಿದೆ. ಆಯಿಲ್ ಕ್ಯಾಪ್ ಬಿಚ್ಚಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ರೆ ನೀರು ಸೇರಿದೆ, ಆ ಗಾಡಿ ಬಿಟ್ಟು ಬನ್ನಿ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಹೆಚ್ಚಿನವುಗಳಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇರುತ್ತೆ. ಕೀ ತಿರುಗಿಸಿದಾಗ ಮೀಟರಲ್ಲಿ ಎಂಜಿನ್ ಚಿತ್ರದ ಹಳದಿ ಲೈಟ್ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ರೆ ಸೆನ್ಸರ್ ತಕರಾರು. ಹತ್ತಲೇ ಇಲ್ಲ ಅಂದ್ರೆ ಯಾರೋ ಲೈಟೇ ಕಿತ್ತಿದ್ದಾರೆ ಅಂತ ಅನುಮಾನ ಪಡಿ.

ಎರಡನೇದು, ಬಿದ್ದ ಗಾಡಿ ಗುರುತಿಸೋದು. ಪೇಂಟು, ಪಾಲಿಶ್, ಹೊಸ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಫುಟ್‌ರೆಸ್ಟ್ ತುದಿ, ಕ್ಲಚ್ ಮತ್ತು ಬ್ರೇಕ್ ಲಿವರ್ ತುದಿ, ಸೈಲೆನ್ಸರ್ ಹೊರಮೈ, ಹ್ಯಾಂಡಲ್ ತುದಿ ನೋಡಿ. ಗಾಡಿ ಬಿದ್ದಾಗ ಮೊದಲು ಉಜ್ಜೋದು ಇವೇ. ಹ್ಯಾಂಡಲ್ ಕೆಳಗೆ ಚಾಸಿ ಕತ್ತಿನ ಭಾಗದಲ್ಲಿ ಹೊಸ ವೆಲ್ಡಿಂಗ್ ಗೆರೆ ಇದೆಯಾ, ಅಲ್ಲಿ ಮಾತ್ರ ಹೊಸ ಪೇಂಟ್ ಇದೆಯಾ ನೋಡಿ. ಆಮೇಲೆ ಗಾಡಿ ಹಿಂದೆ ಹತ್ತು ಅಡಿ ದೂರ ಕುಕ್ಕರಗಾಲಲ್ಲಿ ಕೂತು ನೋಡಿ, ಎರಡೂ ಚಕ್ರ ಒಂದೇ ಗೆರೆಯಲ್ಲಿ ಇರಬೇಕು. 2006ರಲ್ಲಿ ನಾನು ಹೀಗೆ ಒಂದು ನಿಮಿಷ ಕೂತಿದ್ರೆ ನನ್ನ ಹೆಂಡತಿ ಮೂಳೆ ಉಳಿಯೋದು.

ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ನಡುವೆ ಕಟ್ ಅಂತ ತಡೆದ್ರೆ ಕೋನ್ ಸೆಟ್ ಹೋಗಿದೆ. ಚೈನನ್ನ ಹಿಂದಿನ ಸ್ಪ್ರಾಕೆಟ್ ಹತ್ರ ಹಿಡಿದು ಎಳೀರಿ, ಹಲ್ಲಿನಿಂದ ಎದ್ದು ಬಂದ್ರೆ ಅಥವಾ ಹಲ್ಲು ಕೊಕ್ಕೆ ಥರ ಬಾಗಿದ್ರೆ ಚೈನ್ ಸೆಟ್ ಖರ್ಚು ಲೆಕ್ಕ ಹಾಕ್ಕೊಳ್ಳಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ನೇ ಇಸವಿಯ 23ನೇ ವಾರದಲ್ಲಿ ಮಾಡಿದ ಟೈರು.

ಮೀಟರ್ ರೀಡಿಂಗ್ ನಂಬಲೇಬೇಡಿ. ಹದಿನೆಂಟು ಸಾವಿರ ಕಿಲೋಮೀಟರ್ ಅಂತ ತೋರಿಸುತ್ತೆ, ಆದ್ರೆ ಫುಟ್‌ರೆಸ್ಟ್ ರಬ್ಬರ್ ಸವೆದು ಕಬ್ಬಿಣ ಕಾಣ್ತಿದೆ, ಬ್ರೇಕ್ ಪೆಡಲ್ ನುಣ್ಣಗಾಗಿದೆ. ಯಾವುದು ಸುಳ್ಳು? ಡಿಜಿಟಲ್ ಮೀಟರನ್ನೂ ತಿರುಗಿಸ್ತಾರೆ. ಸವೆದ ರಬ್ಬರನ್ನ ತಿರುಗಿಸೋಕಾಗಲ್ಲ.

ಆಮೇಲೆ ಓಡಿಸಿ. ಗಲ್ಲಿ ಸುತ್ತು ಸಾಲದು, ಕನಿಷ್ಠ ನಾಲ್ಕೈದು ಕಿಲೋಮೀಟರ್. ಟಾಪ್ ಗೇರಲ್ಲಿ ಏರಿ ಹತ್ತಿಸುವಾಗ ಎಂಜಿನ್ ಸದ್ದು ಏರಿ ಗಾಡಿ ಮುಂದಕ್ಕೆ ಹೋಗದಿದ್ರೆ ಕ್ಲಚ್ ಪ್ಲೇಟ್ ಮುಗಿದಿದೆ. ಓಡಿಸೋಕೆ ಕೊಡಲ್ಲ ಅಂದ್ರೆ? ವಾಪಸ್ ಬನ್ನಿ. ಮಾತು ಬೆಳೆಸಬೇಡಿ.

ಮೂರನೇದು, ಕಾಗದ. ಮೂವತ್ತು ಸಲ ಓದಿ. ಆರ್‌ಸಿಯಲ್ಲಿರೋ ಚಾಸಿ ನಂಬರನ್ನ ಹ್ಯಾಂಡಲ್ ಕತ್ತಿನ ಹತ್ರ ಕೊರೆದಿರೋ ನಂಬರಿಗೆ, ಎಂಜಿನ್ ನಂಬರನ್ನ ಎಂಜಿನ್ ಮೇಲಿನ ನಂಬರಿಗೆ ಒಂದೊಂದೇ ಅಕ್ಷರ ಇಟ್ಟು ನೋಡಿ. ಉಜ್ಜಿದ ಹಾಗೆ ಕಂಡ್ರೆ ಅದು ಕಳ್ಳತನದ ಗಾಡಿ ಇರಬಹುದು. ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿದ್ರೆ ನೋಂದಣಿ ಯಾವಾಗ ಮುಗಿಯುತ್ತೆ, ಇನ್ಶೂರೆನ್ಸ್ ಇದೆಯಾ, ಫೈನಾನ್ಸ್ ಇದೆಯಾ ಎಲ್ಲಾ ಬರುತ್ತೆ. ಬಾಕಿ ದಂಡನೂ ನೋಡಿ. ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ನವೀಕರಣದ ಓಡಾಟ ನಿಮ್ಮದು.

ಫೈನಾನ್ಸ್ ಇದ್ರೆ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರೋ ತನಕ ಒಂದು ರೂಪಾಯಿ ಕೊಡಬೇಡಿ. ನನ್ನ ಅಕ್ಕನ ಮಗ ಕಳೆದುಕೊಂಡಿದ್ದು ಇದೊಂದು ಹೆಜ್ಜೆಯಲ್ಲಿ. ಫಾರಂ 29, ಫಾರಂ 30ಕ್ಕೆ ಮಾಲೀಕನಿಂದಲೇ ನಿಮ್ಮೆದುರು ಸಹಿ ಹಾಕಿಸಿ. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50 ಹೇಳುತ್ತೆ. ಇನ್ಶೂರೆನ್ಸನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಹಾಕಿ.

ಮಾರೋರೂ ಕೇಳಿಸಿಕೊಳ್ಳಿ. ಸಹಿ ಹಾಕಿದ ಖಾಲಿ ಫಾರಂ ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡ್ತೀರಿ. ನಾಳೆ ಆ ಗಾಡಿ ಯಾರಿಗೋ ಗುದ್ದಿದ್ರೆ ಕೋರ್ಟಿನ ನೋಟಿಸ್ ಬರೋದು ನಿಮ್ಮ ಮನೆಗೆ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ಕೈ ದಾಟಿದ್ರೂ ಅಷ್ಟೇ.

ಈಗ ಬರೋಣ ನಮ್ಮ ಅಣ್ಣನ ಹತ್ರ.

ಹೋಗಿ ಕೇಳಿದೆ. "ಏನಣ್ಣ, ನಮ್ಮ ಹುಡುಗನಿಗೆ ಹಿಂಗ್ ಮಾಡ್ಬಿಟ್ಯಲ್ಲ?" ಅಂದೆ. ಅವನು ಹೇಳಿದ್ದು: "ಒಳಗಿನ ವಿಷಯ ಬೀದಿಗೆ ತರಬೇಡ. ನಮ್ಮವರೇ ನಮ್ಮವರನ್ನ ಹಿಂಗೆ ಎಳೆದ್ರೆ ಮೇಲ್ಜಾತಿಯೋರು ನಗ್ತಾರೆ."

ಈ ಮಾತನ್ನ ನಾನು ಇಪ್ಪತ್ತು ವರ್ಷದಿಂದ ಕೇಳ್ತಾ ಬಂದಿದ್ದೀನಿ. ಸಂಘದ ಲೆಕ್ಕ ಕೇಳಿದ್ರೆ ಇದೇ ಮಾತು. ಸಮುದಾಯ ಭವನದ ದುಡ್ಡು ಎಲ್ಲಿ ಅಂದ್ರೆ ಇದೇ ಮಾತು. ಪ್ರಶ್ನೆ ಕೇಳೋದನ್ನ ಕಲಿಸಿದ ಚಳವಳಿ ನಮ್ಮದು. ಬೇರೆಯವರನ್ನ ಮಾತ್ರ ಪ್ರಶ್ನೆ ಕೇಳಬೇಕು ಅಂತ ಯಾರು ಹೇಳಿದ್ರು? ನನ್ನನ್ನ ಸುಮ್ಮನಾಗಿಸಿದ್ದು ಮೇಲ್ಜಾತಿಯವರ ಸ್ಟೀಲ್ ಲೋಟ. ನನ್ನ ಅಕ್ಕನ ಮಗನನ್ನ ಸುಮ್ಮನಾಗಿಸಿದ್ದು ನೀಲಿ ಶಾಲು. ಲೋಟಕ್ಕೂ ಶಾಲಿಗೂ ಮರ್ಯಾದೆ ಕೊಡೋಣ, ಆದ್ರೆ ಎಂಜಿನ್ ಮುಟ್ಟಿ ನೋಡೋಣ.

ಕೆಲವರು ಹೇಳ್ತೀರಿ, "ಬಡವರಿಗೆ ಆಯ್ಕೆ ಎಲ್ಲಿದೆ ಸಾರ್, ಸಿಕ್ಕಿದ್ದು ತಗೋಬೇಕು." ನಾನು ಒಪ್ಪಲ್ಲ. ದುಡ್ಡಿರೋನು ಕೆಟ್ಟ ಗಾಡಿ ತಗೊಂಡ್ರೆ ಇನ್ನೊಂದು ತಗೋತಾನೆ. ನಮಗೆ ಎರಡನೇ ಸಲ ಇಲ್ಲ. ಅದಕ್ಕೇ ನಾವು ಅವನಿಗಿಂತ ಹತ್ತು ಪಟ್ಟು ಹುಷಾರಾಗಿ ನೋಡಬೇಕು. ನೋಡೋಕೆ ದುಡ್ಡು ಬೇಕಿಲ್ಲ, ಒಂದು ಗಂಟೆ ಬೇಕು, ಸ್ವಲ್ಪ ನಾಚಿಕೆ ಬಿಡಬೇಕು. ಮೆಕ್ಯಾನಿಕ್ಕಿಗೆ ಮುನ್ನೂರೋ ಐನೂರೋ ಕೊಟ್ರೆ ಜೊತೆಗೆ ಬರ್ತಾನೆ.

ಇನ್ನು ಕೆಲವು ಕಡೆ ನಮ್ಮ ಹುಡುಗ ಬಗ್ಗಿ ಚಕ್ರ ನೋಡಿದ್ರೆ "ಏನಪ್ಪಾ, ದೊಡ್ಡ ಎಂಜಿನಿಯರ್ ಬಂದ" ಅಂತ ನಗ್ತಾರೆ, ಗೊತ್ತು. ನಗಲಿ. ಒಬ್ಬನೇ ಹೋಗಬೇಡಿ, ಇಬ್ಬರು ಮೂವರು ಹೋಗಿ. ಹೆಣ್ಣುಮಕ್ಕಳನ್ನೂ ಕರ್ಕೊಂಡು ಹೋಗಿ. ಸಾಲ ತೀರಿಸೋರು ಅವರು, ಗಾಡಿ ನೋಡೋ ಹಕ್ಕೂ ಅವರದು. ಅಕ್ಕನನ್ನ ಅವತ್ತು ಯಾರೂ ಕರೆಯಲಿಲ್ಲ. ಸೊಪ್ಪು ತಗೊಳ್ಳೋಕೆ ಕಟ್ಟು ಬಿಚ್ಚಿ ನೋಡೋಳು ಅವಳು, ಆರ್‌ಸಿ ಬಿಚ್ಚಿ ನೋಡದೇ ಬಿಡ್ತಿದ್ಲಾ?

ಪ್ರತಿ ಹೋಬಳಿಯಲ್ಲಿ ನಮ್ಮ ಸಂಘಟನೆಗಳು ಒಬ್ಬ ಮೆಕ್ಯಾನಿಕ್ ಹುಡುಗನನ್ನ, ಆರ್‌ಟಿಒ ಕಾಗದ ಓದೋಕೆ ಬರೋ ಒಬ್ಬರನ್ನ ಗುರುತಿಸಿ ಇಟ್ಟುಕೊಳ್ಳಲಿ. ಜಯಂತಿಗೆ ಫ್ಲೆಕ್ಸ್ ಹಾಕೋ ದುಡ್ಡಲ್ಲಿ ಹತ್ತರಲ್ಲಿ ಒಂದು ಪಾಲು ಸಾಕು. ನಮ್ಮ ತಾಲ್ಲೂಕಿನವರು ನನಗೆ ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ನಾನೇ ಬರ್ತೀನಿ, ಕುಕ್ಕರಗಾಲಲ್ಲಿ ಕೂತು ಚಕ್ರ ನೋಡೋಕೆ.

ಅಕ್ಕನ ಮಗ ಪೊಲೀಸ್ ಸ್ಟೇಷನ್‌ನಲ್ಲಿ ದೂರು ಕೊಟ್ಟಿದ್ದಾನೆ. ಬ್ರೋಕರ್ ಅಣ್ಣನ ಮೇಲೆ. ನಾನೇ ಜೊತೆಗೆ ಹೋಗಿ ಬರೆಸಿದ್ದೀನಿ. ಇದಕ್ಕೆ ನನ್ನನ್ನ ಸಮುದಾಯದ್ರೋಹಿ ಅನ್ನೋರು ಕಾಮೆಂಟಲ್ಲಿ ಅನ್ನಿ. ಆದ್ರೆ ಅದಕ್ಕೂ ಮೊದಲು ಈ ವಾರದ ಅಕ್ಕನ ಸಂಘದ ಕಂತು ನೀವು ಕಟ್ಟಿ.

ಜೈ ಭೀಮ್.