ಕಟ್ಟಿದವನಿಗೆ ಹಾರ, ಕಾಯುವವನಿಗೆ ಗುತ್ತಿಗೆ

ಈಚೆಗೆ ಕೊಪ್ಪದ ಸಂತೆಯಲ್ಲಿ ಹಿರಿಯ ಅಡಿಕೆ ಬೆಳೆಗಾರರೊಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಮೇಷ್ಟ್ರೇ, ನಮ್ಮ ಹುಡುಗ ನಿರ್ವಹಣಾ ಇಂಜಿನಿಯರಿಂಗಿನಲ್ಲಿ ಎಂ.ಟೆಕ್. ಮುಗಿಸಿ ಬಂದಿದ್ದಾನೆ. ಯಂತ್ರಗಳು ಕೆಡದ ಹಾಗೆ ನೋಡಿಕೊಳ್ಳುವ ವಿದ್ಯೆಯಂತೆ. ರಿಪೇರಿಗೂ ಎಂ.ಟೆಕ್. ಬೇಕೇ? ಮುಂದೆ ಅವನ ಗತಿ ಏನು?"

ಮೊದಲನೆಯ ಪ್ರಶ್ನೆಗೆ ಉತ್ತರ ಅವರ ತೋಟದಲ್ಲಿಯೇ ಇದೆ. ಕೊಳೆರೋಗ ತಗುಲಿ ಕಾಯಿ ಉದುರಿದ ಮೇಲೆ ಔಷಧಿ ಹೊಡೆಯಲು ಹೊರಟವನನ್ನು ಯಾರೂ ಜಾಣನೆನ್ನುವುದಿಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಸುಣ್ಣದ ದ್ರಾವಣವನ್ನು ಗೊನೆಗೆ ಹೊಡೆಯುವವನೇ ಬೆಳೆ ಉಳಿಸಿಕೊಳ್ಳುತ್ತಾನೆ. ಯಂತ್ರದ ವಿಷಯವೂ ಹೀಗೆಯೇ. ಬೇರಿಂಗು ಒಡೆಯುವ ಮೊದಲು ಅದರ ಕಂಪನ ಹೆಚ್ಚುತ್ತದೆ. ಗೇರು ಮುರಿಯುವ ಮೊದಲು ಎಣ್ಣೆಯಲ್ಲಿ ಲೋಹದ ಕಣಗಳು ಕಾಣಿಸಿಕೊಳ್ಳುತ್ತವೆ. ವಿದ್ಯುತ್ ತಂತಿಯ ಜೋಡಣೆ ಸಡಿಲಗೊಂಡರೆ ಅಲ್ಲಿ ಕಾವೇರುತ್ತದೆ. ಈ ಲಕ್ಷಣಗಳನ್ನು ಅಳೆದು, ಯಾವ ಭಾಗವನ್ನು ಯಾವಾಗ ಬದಲಿಸಬೇಕೆಂದು ಮುಂಚೆಯೇ ಹೇಳುವುದು ಈ ವಿದ್ಯೆ. ಕೆಟ್ಟ ಮೇಲೆ ಕೂಡಿಸುವುದಕ್ಕಿಂತ ಕೆಡದಂತೆ ಕಾಯುವುದು ಹೆಚ್ಚಿನ ಕೆಲಸ.

ಇದರ ಅರ್ಥವೇನೆಂಬುದನ್ನು 2024ರ ಆಗಸ್ಟ್ 10ರ ರಾತ್ರಿ ಇಡೀ ನಾಡು ಕಂಡಿತು. ಅಂದು ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದು ನಮ್ಮದೇ ನೀರು. ಶೃಂಗೇರಿ ಮತ್ತು ಹರಿಹರಪುರವನ್ನು ತೊಳೆದು ಹೋಗುವ ತುಂಗೆ, ಬಾಳೆಹೊನ್ನೂರನ್ನು ದಾಟಿ ಬರುವ ಭದ್ರೆ ಕೂಡ್ಲಿಯಲ್ಲಿ ಸೇರಿ ಆ ಜಲಾಶಯವನ್ನು ತುಂಬುತ್ತವೆ. ಒಂದು ಗೇಟಿನ ಮೇಲಿನ ಒತ್ತಡ ಇಳಿಸಲು ಇದ್ದ 33 ಗೇಟುಗಳನ್ನೂ ತೆರೆದು, ತುಂಬಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಬದಲಿ ಗೇಟು ಸಿದ್ಧವಿರಲಿಲ್ಲ; ಅವಸರದಲ್ಲಿ ತಯಾರಿಸಬೇಕಾಯಿತು. ಅದನ್ನು ಇಳಿಸಲು ನಿವೃತ್ತರಾಗಿದ್ದ ವೃದ್ಧ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆತರಬೇಕಾಯಿತು. ಅವರೂ ಕಾರ್ಮಿಕರೂ ಹರಿಯುವ ನೀರಿನ ಮೇಲೆ ಪ್ರಾಣ ಪಣಕ್ಕಿಟ್ಟು ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಅವರಿಗೆ ನಮ್ಮ ನಮಸ್ಕಾರ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟಿಗೆ ಎಪ್ಪತ್ತು ವರ್ಷ ತುಂಬಿದ ಮೇಲೂ ಸರಪಳಿಯ ಕೊಂಡಿ ಸವೆದುದನ್ನು ಮೊದಲೇ ಕಂಡುಹಿಡಿದು ಹೇಳಿ, ತನ್ನ ಮಾತು ನಡೆಸಿಕೊಳ್ಳಬಲ್ಲ ಅಧಿಕಾರವಿದ್ದ ಮನುಷ್ಯ ಎಲ್ಲಿದ್ದ? ಮರುವರ್ಷ 2025ರಲ್ಲಿ, ಗೇಟುಗಳ ಸ್ಥಿತಿಗೆ ಅಂಜಿ, 105 ಟಿ.ಎಂ.ಸಿ. ಅಡಿ ಹಿಡಿಯುವ ಜಲಾಶಯದಲ್ಲಿ 80ಕ್ಕಿಂತ ಹೆಚ್ಚು ನಿಲ್ಲಿಸಬಾರದೆಂದು ತೀರ್ಮಾನವಾಯಿತು. ಕಾಯುವ ಕೆಲಸಕ್ಕೆ ಜಿಪುಣತನ ಮಾಡಿದ ಲೆಕ್ಕವನ್ನು ತೆತ್ತವನು ಕೆಳಗಿನ ರೈತ.

ಈಗ ಹಿರಿಯರ ಎರಡನೆಯ ಪ್ರಶ್ನೆ. ಈ ಹುಡುಗನಿಗೆ ದಾರಿಗಳಿಲ್ಲವೆಂದಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆ, ಕೈಗಾದ ಅಣುಸ್ಥಾವರ, ಶರಾವತಿಯ ವಿದ್ಯುದಾಗಾರ, ಬೆಂಗಳೂರಿನ ವಿಮಾನ ಕಾರ್ಖಾನೆ, ಹುಬ್ಬಳ್ಳಿ ಮೈಸೂರುಗಳ ರೈಲ್ವೆ ಕಾರ್ಯಾಗಾರ, ಇವೆಲ್ಲಕ್ಕೂ ಇಂಥವರು ಬೇಕು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಎಂ.ಟೆಕ್. ಅವಶ್ಯಕ. ಕಂಪನ ಪರೀಕ್ಷೆ, ಎಣ್ಣೆ ಪರೀಕ್ಷೆಗಳಲ್ಲಿ ಪರಿಣತನಾದವನು ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ಸಲಹೆ ಕೊಟ್ಟೂ ಜೀವಿಸಬಹುದು. ಕೊಲ್ಲಿ ದೇಶಗಳ ತೈಲ ಕಂಪನಿಗಳು ಕೈಬೀಸಿ ಕರೆಯುತ್ತವೆ. ಆದರೆ ಸರ್ಕಾರದ ಸಹಾಯಕ ಇಂಜಿನಿಯರ್ ಹುದ್ದೆಗೆ ಬಿ.ಇ. ಸಾಕು, ಎರಡು ವರ್ಷದ ಈ ಹೆಚ್ಚಿನ ಓದಿಗೆ ಅಲ್ಲಿ ಬೇರೆ ಮನ್ನಣೆ ಸಿಗುವುದಿಲ್ಲವೆಂಬುದನ್ನು ಹುಡುಗರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಹತ್ತಿರದ ಬಾಗಿಲುಗಳಾದರೋ ಒಂದೊಂದಾಗಿ ಮುಚ್ಚಿದವು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 2005ರ ಕೊನೆಗೆ ಕುದುರೆಮುಖದ ಗಣಿಗಾರಿಕೆ ನಿಂತಿತು. ಕಾಡಿಗೂ ನದಿಗಳಿಗೂ ಅದು ಆಗಬೇಕಾದದ್ದೇ. ಅಲ್ಲಿನ ದುಡಿಯುವ ಕೈಗಳಿಗೆ ಬದಲಿ ಕೆಲಸ ಯೋಚಿಸದಿದ್ದುದು ತಪ್ಪು. ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕುಲುಮೆ ಹೊತ್ತಿಸಿದ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದೆಂದು 2023ರಲ್ಲಿ ಅದರ ಒಡೆತನದ ಸಂಸ್ಥೆಯೇ ನಿರ್ಧರಿಸಿತು. ಹೊಸ ಯಂತ್ರಕ್ಕೂ ಹಳೆಯ ಯಂತ್ರದ ಪಾಲನೆಗೂ ಬಂಡವಾಳ ಹಾಕದೆ, ಬಳಿಕ ನಷ್ಟದ ಲೆಕ್ಕ ತೋರಿಸುವುದು ಸಾರ್ವಜನಿಕ ಉದ್ಯಮವನ್ನು ಕೊಲ್ಲುವ ಹಳೆಯ ವಿಧಾನ.

ಇದರ ಬೇರು ಎಲ್ಲಿದೆ? ನಮ್ಮ ರಾಜಕೀಯದಲ್ಲಿ ಶಂಕುಸ್ಥಾಪನೆಗೆ ಮಂತ್ರಿ ಬರುತ್ತಾರೆ, ಉದ್ಘಾಟನೆಗೆ ಹಾರ ತುರಾಯಿ ಬರುತ್ತವೆ, ಕಲ್ಲಿನ ಮೇಲೆ ಹೆಸರು ಕೆತ್ತಲಾಗುತ್ತದೆ. ಆ ಮೇಲೆ ಐವತ್ತು ವರ್ಷ ಗ್ರೀಸು ಹಚ್ಚಿದವನ ಹೆಸರನ್ನು ಕೆತ್ತಿದ ಕಲ್ಲನ್ನು ನಾನು ಎಲ್ಲಿಯೂ ಕಂಡಿಲ್ಲ. ಹೊಸ ಕಾಮಗಾರಿಯಲ್ಲಿ ಗುತ್ತಿಗೆದಾರನಿಗೆ ಲಾಭ, ಪುಢಾರಿಗೆ ಪ್ರಚಾರ. ಪಾಲನೆಯಲ್ಲಿ ಇಬ್ಬರಿಗೂ ಏನೂ ಇಲ್ಲ. ಆದುದರಿಂದಲೇ ಕಾಯುವ ಕೆಲಸವನ್ನು ವರ್ಷಕ್ಕೊಮ್ಮೆ ಹರಾಜಿನಂತೆ ಗುತ್ತಿಗೆಗೆ ಕೊಡಲಾಗುತ್ತದೆ. ಈ ವರ್ಷ ಬಂದು ಮುಂದಿನ ವರ್ಷ ಹೋಗುವವನಿಗೆ ಯಂತ್ರದ ಚರಿತ್ರೆ ತಿಳಿಯುವುದು ಹೇಗೆ? ವರ್ಷವಿಡೀ ನಡೆಯುವ ಕೆಲಸದಲ್ಲಿ ಗುತ್ತಿಗೆಯನ್ನು ನಿಷೇಧಿಸುವ ಅಧಿಕಾರವನ್ನು 1970ರ ಕಾನೂನೇ ಸರ್ಕಾರಕ್ಕೆ ಕೊಟ್ಟಿತ್ತು. ಗುತ್ತಿಗೆ ಅಳಿಯಲಿಲ್ಲ, ಬೆಳೆಯಿತು.

ಹಣವೆಲ್ಲಿದೆ ಎಂದು ಕೆಲವರು ಕೇಳಬಹುದು. ಮುರಿದ ಗೇಟಿನ ಖರ್ಚಿಗೆ ಸಿಕ್ಕ ಹಣ ಮುರಿಯುವ ಮೊದಲು ಏಕೆ ಸಿಗಲಿಲ್ಲವೆಂದು ಅವರನ್ನೇ ಕೇಳಬೇಕಾಗಿದೆ. ಅಲ್ಲದೆ ಇದು ಈಗ ದಯೆಯ ಮಾತಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾನೂನು, ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ, ಇಂಜಿನಿಯರುಗಳಿರುವ ಸುರಕ್ಷತಾ ಘಟಕ, ಪಾಲನೆಗೆ ಸಾಕಷ್ಟು ಹಣ, ಇಷ್ಟನ್ನೂ ಕಡ್ಡಾಯ ಮಾಡಿದೆ. ಕಾನೂನಿದೆ, ಅದನ್ನು ನಡೆಸುವ ಖಾಯಂ ಹುದ್ದೆಗಳಿಗಾಗಿ ನಾವು ಹೋರಾಡಬೇಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಗದ್ದೆ ಮನೆ ಬಿಟ್ಟುಕೊಟ್ಟ ನರಸಿಂಹರಾಜಪುರದ ಸೀಮೆಯವರಿಗೆ ಇದನ್ನು ಕೇಳುವ ಹಕ್ಕು ಬೇರೆಯವರಿಗಿಂತ ಹೆಚ್ಚಿದೆ.

ಇನ್ನು ನಮ್ಮ ಮೂರು ತಾಲ್ಲೂಕುಗಳ ಮಾತು. ಪ್ರತಿ ತೋಟದಲ್ಲಿಯೂ ಪಂಪ್‌ಸೆಟ್ಟು, ಔಷಧಿ ಸಿಂಪಡಿಸುವ ಯಂತ್ರ, ಕಳೆ ಕತ್ತರಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರಗಳಿವೆ. ಸುಗ್ಗಿಯ ನಡುವೆ ಒಂದು ಕೆಟ್ಟರೆ ಬಿಡಿಭಾಗಕ್ಕಾಗಿ ಶಿವಮೊಗ್ಗಕ್ಕೆ ಓಡಬೇಕು. ಡಾ. ಲೋಹಿಯಾ 1952ರಲ್ಲಿ ಪಚ್‌ಮಡಿಯ ಅಧಿವೇಶನದಲ್ಲಿ ಸಣ್ಣ ಯಂತ್ರದ ವಾದವನ್ನು ಮುಂದಿಟ್ಟರು. ಸಣ್ಣ ಯಂತ್ರ ಬಂದಿತು. ಆದರೆ ಅದನ್ನು ಕಾಯುವ ವ್ಯವಸ್ಥೆ ಹಳ್ಳಿಗೆ ಬರಲಿಲ್ಲ. ತಾಲ್ಲೂಕಿಗೊಂದು ಸಹಕಾರಿ ಯಂತ್ರಪಾಲನಾ ಕೇಂದ್ರವಾಗಲಿ. ಅಲ್ಲಿ ಎಂ.ಟೆಕ್. ಓದಿದವನೂ ಐ.ಟಿ.ಐ. ಕಲಿತ ಫಿಟ್ಟರನೂ ಒಂದೇ ಬೆಂಚಿನ ಮೇಲೆ ಕುಳಿತು ದುಡಿಯಲಿ. ಮಳೆಯಲ್ಲಿ ಕಂಬ ಹತ್ತುವ ಪವರ್‌ಮ್ಯಾನನ ಅನುಭವವನ್ನು ಕೇಳದ ಇಂಜಿನಿಯರನು ಅರ್ಧ ಇಂಜಿನಿಯರನೇ ಸರಿ.

ಆ ಹಿರಿಯರಿಗೆ ನಾನು ಹೇಳಿದ್ದಿಷ್ಟು: ಹುಡುಗ ಹೊರಗೆ ಹೋಗಿ ನಾಲ್ಕು ವರ್ಷ ದೊಡ್ಡ ಯಂತ್ರಗಳ ಮೇಲೆ ಕೈ ಪಳಗಿಸಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅವನು ಹಿಂದಿರುಗಿ ಬರುವಾಗ ಇಲ್ಲೊಂದು ಖಾಯಂ ಹುದ್ದೆ ಕಾದಿರಬೇಕು. ಅದನ್ನು ಗಳಿಸುವ ಕೆಲಸ ಅವನೊಬ್ಬನದಲ್ಲ, ನಿಮ್ಮದು, ನನ್ನದು. ಮುಂದಿನ ಸಲ ಮತ ಕೇಳಲು ಬಂದವರು ಹೊಸದಾಗಿ ಏನು ಕಟ್ಟಿಸುತ್ತೇವೆಂದು ಹೇಳತೊಡಗಿದರೆ ತಡೆದು ಕೇಳಿರಿ: ಕಟ್ಟಿದ್ದನ್ನು ಕಾಯಲು ಎಷ್ಟು ಜನರನ್ನು ನೇಮಿಸುತ್ತೀರಿ?