ಸೇಬು-ಚಕ್ಕೆಯ ದಿಢೀರ್ ಬ್ರೆಡ್: ಸೋಡಾ ಕೆಟ್ಟದ್ದೇ? ಬೆಲ್ಲ ಒಳ್ಳೆಯದೇ?

ಬೋರನಕಣಿವೆ ಜಲಾಶಯದ ಸುತ್ತಲಿನ ಊರುಗಳಿರಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಮನೆಗಳಿರಲಿ, ತೆಂಗಿನಕಾಯಿ, ಬೆಲ್ಲ, ಮೊಸರು ಇಲ್ಲದ ಅಡುಗೆಮನೆ ಅಪರೂಪ. ಸೇಬು ಮಾತ್ರ ಹಿಮಾಚಲದಿಂದಲೋ ಕಾಶ್ಮೀರದಿಂದಲೋ ಲಾರಿಯಲ್ಲಿ ಬರಬೇಕು. ಇವಿಷ್ಟಕ್ಕೆ ಹಿಟ್ಟು, ಚಕ್ಕೆ, ಲವಂಗ, ಒಂದಿಷ್ಟು ಸೋಡಾ ಸೇರಿಸಿದರೆ ಸೇಬಿನ ಮಸಾಲೆ ಬ್ರೆಡ್ಡನ್ನು ಮನೆಯಲ್ಲೇ ಬೇಯಿಸಬಹುದು. ಯೀಸ್ಟ್ ಬೇಡ, ಮೊಟ್ಟೆಯೂ ಬೇಡ, ರಾತ್ರಿಯೆಲ್ಲ ಕಾಯುವುದೂ ಬೇಡ.

ಆದರೆ ಇದನ್ನು ಮಾಡಲು ಹೊರಟ ಕೂಡಲೇ ನಾಲ್ಕು ಕಡೆಯಿಂದ ನಾಲ್ಕು ಮಾತು ಬರುತ್ತವೆ. ಸೋಡಾ ಹೊಟ್ಟೆಗೆ ವಿಷ ಅನ್ನುವವರಿದ್ದಾರೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಶುಗರ್ ಇರುವವರೂ ತಿನ್ನಬಹುದು ಅನ್ನುವವರಿದ್ದಾರೆ. ಕೊಬ್ಬರಿ ಎಣ್ಣೆ ಎಷ್ಟು ತಿಂದರೂ ಒಳ್ಳೆಯದು, ಚಕ್ಕೆ ತಿಂದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂಬ ಮಾತುಗಳೂ ಇವೆ. ಇವುಗಳಲ್ಲಿ ಎಷ್ಟು ನಿಜ? ಒಂದೊಂದಾಗಿ ನೋಡೋಣ.

ಯೀಸ್ಟ್ ಇಲ್ಲದೆ ಉಬ್ಬುವುದು ಹೇಗೆ?

ಇಡ್ಲಿ ಹಿಟ್ಟು ಉಬ್ಬುವುದು ಅದರಲ್ಲಿರುವ ಸೂಕ್ಷ್ಮಜೀವಿಗಳು ರಾತ್ರಿಯಿಡೀ ಅನಿಲ ಬಿಡುವುದರಿಂದ. ಬೇಕರಿಯ ಬ್ರೆಡ್ಡಿನಲ್ಲಿ ಆ ಕೆಲಸ ಯೀಸ್ಟಿನದು. ದಿಢೀರ್ ಬ್ರೆಡ್ಡಿನಲ್ಲಿ ಜೀವಿಗಳ ಬದಲು ರಾಸಾಯನಿಕ ಕ್ರಿಯೆ ಇದೆ. ಅಡುಗೆ ಸೋಡಾ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಅದಕ್ಕೆ ಹುಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅರ್ಧ ಟೀ ಚಮಚ ಸೋಡಾ ಪೂರ್ತಿ ಹುಳಿಯೊಡನೆ ಸೇರಿದರೆ ಸುಮಾರು 700 ಮಿಲಿಲೀಟರ್ ಅನಿಲ ಹುಟ್ಟುತ್ತದೆ. ಆ ಗುಳ್ಳೆಗಳು ಹಿಟ್ಟಿನಲ್ಲಿ ಸಿಕ್ಕಿಕೊಂಡಿರುವಾಗಲೇ ಬಿಸಿ ತಾಗಿ ಹಿಟ್ಟು ಗಟ್ಟಿಯಾದರೆ ಬ್ರೆಡ್ ಹಗುರವಾಗುತ್ತದೆ.

ಬೇಕಿಂಗ್ ಪೌಡರ್ ಬೇರೆ ವಸ್ತು. ಅದರಲ್ಲಿ ಸೋಡಾ, ಒಣ ಹುಳಿ ಮತ್ತು ಪಿಷ್ಟ ಮೂರೂ ಇರುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ 1843ರಲ್ಲಿ ಇಂಥದ್ದೊಂದು ಪುಡಿ ತಯಾರಿಸಿದ. ಅವನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಸೋಡಾಗೆ ಹೊರಗಿನಿಂದ ಹುಳಿ ಬೇಕು, ಬೇಕಿಂಗ್ ಪೌಡರಿಗೆ ಬೇಕಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಒಂದರ ಬದಲು ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಬ್ರೆಡ್ ಕೆಡುತ್ತದೆ.

ತೆಂಗಿನಹಾಲು ಹಾಕಿದರೆ ಏಕೆ ಕೆಡುತ್ತದೆ?

ತೆಂಗಿನ ಸೀಮೆಯಲ್ಲಿ ಈ ಬ್ರೆಡ್ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ. ಹುಳಿ ಮೊಸರು ಎಂದು ಬರೆದಿರುವ ಕಡೆ, ಮನೆಯಲ್ಲಿ ಹೇಗೂ ಕಾಯಿ ಇದೆಯಲ್ಲ ಎಂದು ತೆಂಗಿನಹಾಲು ಹಾಕುವ ಮನಸ್ಸಾಗುವುದು ಸಹಜ. ಎರಡೂ ಬೆಳ್ಳಗೆ, ಎರಡೂ ಮಂದ. ಆದರೆ ತೆಂಗಿನಹಾಲಿನಲ್ಲಿ ಹುಳಿ ಇಲ್ಲವೆನ್ನುವಷ್ಟು ಕಡಿಮೆ.

ಹುಳಿ ಸಾಲದಿದ್ದರೆ ಸೋಡಾ ಬಿಸಿಗೆ ಮಾತ್ರ ಒಡೆಯುತ್ತದೆ. ಆಗ ಅರ್ಧದಷ್ಟೇ ಅನಿಲ ಬರುತ್ತದೆ, ಉಳಿದದ್ದು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಒಗೆಯುವ ಸೋಡಾ ಆಗಿ ಬ್ರೆಡ್ಡಿನಲ್ಲೇ ಉಳಿಯುತ್ತದೆ. ಸಾಬೂನಿನಂಥ ರುಚಿ, ಹಳದಿ ಬಣ್ಣ, ನಡುವೆ ಕುಸಿದ ಮೈ, ಎಲ್ಲಕ್ಕೂ ಇದೇ ಕಾರಣ. ‘ಸೋಡಾ ಜಾಸ್ತಿಯಾಯಿತು’ ಎಂದು ನಾವು ಹೇಳುವ ಎಷ್ಟೋ ಸಲ ನಿಜವಾಗಿ ಆಗಿರುವುದು ‘ಹುಳಿ ಕಡಿಮೆಯಾಯಿತು’ ಎಂಬುದು.

ತೆಂಗಿನಹಾಲೇ ಬೇಕೆಂದರೆ ಅರ್ಧ ಟೀ ಚಮಚ ಸೋಡಾಗೆ ಎರಡು ದೊಡ್ಡ ಚಮಚ ನಿಂಬೆರಸ ಸೇರಿಸಬೇಕು. ಸೇಬಿನಲ್ಲೂ ಮ್ಯಾಲಿಕ್ ಆಮ್ಲ ಎಂಬ ಹುಳಿ ಇದೆ, ಆದರೆ ಅದೊಂದೇ ಸಾಲದು. ಇಲ್ಲವೇ ಸೋಡಾ ಬಿಟ್ಟು ಎರಡು ಟೀ ಚಮಚ ಬೇಕಿಂಗ್ ಪೌಡರ್ ಹಾಕಬಹುದು.

ಸೋಡಾ ವಿಷವೇ?

ಅಲ್ಲ. ಹುಳಿಯೊಡನೆ ಸೇರಿದ ಮೇಲೆ ಸೋಡಾದಿಂದ ಉಳಿಯುವುದು ನೀರು ಮತ್ತು ಒಂದು ಬಗೆಯ ಲವಣ. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಸೋಡಿಯಂ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,260 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2,000 ಮಿಲಿಗ್ರಾಂ. ಇಡೀ ಬ್ರೆಡ್ಡಿಗೆ ಅರ್ಧ ಟೀ ಚಮಚ ಹಾಕಿ ಹತ್ತು ಹೋಳು ಮಾಡಿದರೆ ಒಂದು ಹೋಳಿಗೆ ಸೋಡಾದಿಂದ ಬರುವುದು 63 ಮಿಲಿಗ್ರಾಂ. ಇದು ಭಯಪಡುವಷ್ಟಲ್ಲ.

ಹಾಗೆಂದು ಸೋಡಾ ಎಲ್ಲ ಕಡೆಯೂ ನಿರಪಾಯ ಎಂದಲ್ಲ. ಬೇಳೆ ಬೇಗ ಬೇಯಲಿ ಎಂದು ಸೋಡಾ ಹಾಕಿದರೆ ಅದರಲ್ಲಿರುವ ಬಿ1 ಜೀವಸತ್ವ ಒಂದಷ್ಟು ನಾಶವಾಗುತ್ತದೆ. ಅಜೀರ್ಣಕ್ಕೆಂದು ದಿನವೂ ಸೋಡಾ ನೀರು ಕುಡಿಯುವ ಅಭ್ಯಾಸ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯಕಾರಿ. ಚಿಟಿಕೆ ಸೋಡಾಗೂ ಚಮಚ ಸೋಡಾಗೂ ಒಂದೇ ಮಾತು ಹೇಳಲಾಗದು.

ಬೆಲ್ಲ ಹಾಕಿದರೆ ಶುಗರ್ ಇರುವವರು ತಿನ್ನಬಹುದೇ?

ಇದು ಹೆಚ್ಚು ಅಪಾಯದ ನಂಬಿಕೆ. ಬೆಲ್ಲಕ್ಕೆ ಅದರದೇ ರುಚಿ, ಪರಿಮಳ ಇದೆ. ಅಲ್ಪ ಪ್ರಮಾಣದಲ್ಲಿ ಖನಿಜಗಳೂ ಇವೆ. ಆದರೆ ಅದರ ಬಹುಪಾಲು ಸಕ್ಕರೆಯೇ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಅಷ್ಟೇ ಬೆಲ್ಲದಲ್ಲಿ ಸುಮಾರು 380. ರಕ್ತಕ್ಕೆ ಸೇರಿದ ಮೇಲೆ ಗ್ಲೂಕೋಸು ತಾನು ಬೆಲ್ಲದಿಂದ ಬಂದದ್ದೋ ಸಕ್ಕರೆಯಿಂದ ಬಂದದ್ದೋ ಎಂದು ಭೇದ ಮಾಡುವುದಿಲ್ಲ.

ಇಡೀ ಬ್ರೆಡ್ಡಿಗೆ 125 ಗ್ರಾಂ ಬೆಲ್ಲ ಹಾಕಿದರೆ ಒಂದು ಹೋಳಿಗೆ 12.5 ಗ್ರಾಂ ಆಯಿತು. ಹಣ್ಣು, ಹಾಲಿನಲ್ಲಿ ಸಹಜವಾಗಿರುವ ಸಕ್ಕರೆ ಬಿಟ್ಟು, ಹೊರಗಿನಿಂದ ಸೇರಿಸಿದ ಸಿಹಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಹೋಳಿಗೇ ಆ ಲೆಕ್ಕ ಹೆಚ್ಚುಕಡಿಮೆ ಮುಗಿಯಿತು. ಆಮೇಲೆ ಕುಡಿಯುವ ಕಾಫಿಯ ಸಕ್ಕರೆ ಬೇರೆ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ‘ಬೆಲ್ಲದ್ದು, ತಿನ್ನಿ, ಏನೂ ಆಗಲ್ಲ’ ಎಂದು ಪ್ರೀತಿಯಿಂದ ಮೂರು ಹೋಳು ಬಡಿಸುವುದು ಅವರಿಗೆ ಮಾಡುವ ಉಪಕಾರವಲ್ಲ.

ಕೊಬ್ಬರಿ ಎಣ್ಣೆಯ ಲೆಕ್ಕ

ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು, ಒಳಗಿನ ನೀರು ಇಂಗಿ ಆಗುವ ಉಂಡೆ ಕೊಬ್ಬರಿಯಲ್ಲಿ ತೂಕದ ಮೂರನೇ ಎರಡು ಭಾಗದಷ್ಟು ಎಣ್ಣೆಯೇ ಇರುತ್ತದೆ. ಆ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವುದು ನಿಜ, ಯಾವ ಸಸ್ಯದ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಆದರೆ ಕೊಬ್ಬರಿ ಎಣ್ಣೆಯ ಸುಮಾರು ಶೇಕಡ 90ರಷ್ಟು ಪರ್ಯಾಪ್ತ ಕೊಬ್ಬು. ಚಳಿಗಾಲದ ಬೆಳಗ್ಗೆ ಅದು ಬಾಟಲಿಯಲ್ಲಿ ಗಟ್ಟಿಯಾಗುವುದು ಇದರಿಂದಲೇ. ಪರ್ಯಾಪ್ತ ಕೊಬ್ಬು ಹೆಚ್ಚಾದರೆ ನಮ್ಮ ದೇಹವೇ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸಿಕೊಳ್ಳುತ್ತದೆ.

ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಪರ್ಯಾಪ್ತ ಕೊಬ್ಬಿನ ಮಿತಿ ಸುಮಾರು 22 ಗ್ರಾಂ. 60 ಮಿಲಿಲೀಟರ್ ಕೊಬ್ಬರಿ ಎಣ್ಣೆ ಹಾಕಿದ ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಅಪರೂಪಕ್ಕೆ ತಿನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ಚಟ್ನಿ, ಸಾರು, ಪಲ್ಯ ಎಲ್ಲಕ್ಕೂ ಕಾಯಿ ಬೀಳುವ ಮನೆಯಲ್ಲಿ ಬ್ರೆಡ್ಡಿಗೆ ಕಡಲೆಕಾಯಿ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ಬಳಸುವುದು ಜಾಣತನ. ಬ್ರೆಡ್ ಉಬ್ಬುವುದಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ.

ಚಕ್ಕೆ ಮಸಾಲೆಯೋ ಔಷಧಿಯೋ?

ಅಂಗಡಿಯಲ್ಲಿ ಚಕ್ಕೆ ಎಂದು ಸಿಗುವ ದಪ್ಪ ತೊಗಟೆ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಎಂಬ ವಸ್ತು ಇರುತ್ತದೆ. ಬಹಳ ಹೆಚ್ಚಾದರೆ ಅದು ಕೆಲವರ ಯಕೃತ್ತಿಗೆ ತೊಂದರೆ ಕೊಡಬಲ್ಲದು. ಸಿಂಹಳದ ತೆಳು ಸುರುಳಿಯ ದಾಲ್ಚಿನ್ನಿಯಲ್ಲಿ ಇದು ತೀರಾ ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ದಿನವೂ ಸೇವಿಸಬಹುದಾದ ಕೂಮರಿನ್ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಅಂದರೆ 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ.

ಇಡೀ ಬ್ರೆಡ್ಡಿಗೆ ಹಾಕಿದ ಒಂದು ಟೀ ಚಮಚ ಪುಡಿ ಹತ್ತು ಹೋಳುಗಳಿಗೆ ಹಂಚಿಹೋಗುವುದರಿಂದ ಚಿಂತೆಯಿಲ್ಲ. ಶುಗರ್ ಇಳಿಯಲಿ ಎಂದು ಅದೇ ಒಂದು ಚಮಚವನ್ನು ದಿನವೂ ಒಬ್ಬರೇ ತಿಂದರೆ ಮಿತಿ ದಾಟಬಹುದು. ಚಕ್ಕೆಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸುವುದಂತೂ ಅದಕ್ಕಿಂತ ದೊಡ್ಡ ಅಪಾಯ.

ಓವನ್ ಇಲ್ಲದಿದ್ದರೆ?

ಕುಕ್ಕರಿನಲ್ಲಿ ಉಪ್ಪೋ ಮರಳೋ ಹಾಕಿ ಬೇಯಿಸುವ ವಿಧಾನ ಜನಪ್ರಿಯ. ಆದರೆ ಕುಕ್ಕರ್ ಇರುವುದು ನೀರಿನ ಹಬೆಯಲ್ಲಿ ಬೇಯಿಸಲು. ನೀರಿಲ್ಲದೆ ಕಾದರೆ ರಬ್ಬರ್ ಗ್ಯಾಸ್ಕೆಟ್ ಹಾಳಾಗುತ್ತದೆ, ಸುರಕ್ಷತಾ ವಾಲ್ವಿನೊಳಗಿನ ಬೇಗ ಕರಗುವ ಲೋಹ ಕರಗುತ್ತದೆ. ಅದೇ ಕುಕ್ಕರನ್ನು ಮಾರನೆಯ ದಿನ ಬೇಳೆಗೆ ಇಡುವವರಿಗೆ ಇದು ನೆನಪಿರಬೇಕು. ದಪ್ಪ ತಳದ ಹಳೆಯ ಪಾತ್ರೆಯೊಳಗೆ ಒಂದು ಸ್ಟ್ಯಾಂಡ್ ಇಟ್ಟು, ಭಾರದ ಮುಚ್ಚಳ ಮುಚ್ಚಿದರೆ ಅದೇ ಕೆಲಸ ಆಗುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಇದಕ್ಕೆ ಬಳಸಬಾರದು.

ಅಳತೆ ಹೀಗಿರಲಿ

ಗೋಧಿ ಹಿಟ್ಟು ಅಥವಾ ಅದಕ್ಕೆ ಮೈದಾ ಬೆರೆಸಿದ್ದು 250 ಗ್ರಾಂ, ಪುಡಿ ಬೆಲ್ಲ 125 ಗ್ರಾಂ, ಎಣ್ಣೆ 60 ಮಿಲಿಲೀಟರ್, ಹುಳಿ ಮೊಸರು 200 ಮಿಲಿಲೀಟರ್, ತುರಿದ ಸೇಬು 150 ಗ್ರಾಂ, ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಚಕ್ಕೆ ಪುಡಿ ಒಂದು ಟೀ ಚಮಚ, ಲವಂಗ ಮತ್ತು ಜಾಯಿಕಾಯಿ ಪುಡಿ ಚಿಟಿಕೆಯಷ್ಟು. ಒಣ ಪದಾರ್ಥ ಬೇರೆ, ಒದ್ದೆ ಪದಾರ್ಥ ಬೇರೆ ಕಲಸಿಟ್ಟು ಕೊನೆಗೆ ಸೇರಿಸಿ. ಹಿಟ್ಟು ಕಾಣದಂತಾದರೆ ಸಾಕು, ಚಪಾತಿ ಹಿಟ್ಟಿನಂತೆ ನಾದಿದರೆ ಬ್ರೆಡ್ ರಬ್ಬರಿನಂತಾಗುತ್ತದೆ. ಕಲಸಿದ ಕೂಡಲೇ ಒಲೆಗೆ ಇಡಿ, ತಡಮಾಡಿದರೆ ಗುಳ್ಳೆಗಳು ಹೊರಟುಹೋಗುತ್ತವೆ. ಓವನ್ನಿನಲ್ಲಾದರೆ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 45ರಿಂದ 55 ನಿಮಿಷ. ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ. ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ಸೋಡಾ, ಬೆಲ್ಲ, ಕೊಬ್ಬರಿ ಎಣ್ಣೆ, ಚಕ್ಕೆ, ಈ ನಾಲ್ಕರಲ್ಲಿ ಯಾವುದೂ ಹುಟ್ಟಿನಿಂದ ವಿಷವಲ್ಲ, ಯಾವುದೂ ಅಮೃತವೂ ಅಲ್ಲ. ಹೆಸರು ಕೇಳಿ ತೀರ್ಮಾನಿಸುವ ಬದಲು ಒಂದು ಹೋಳಿಗೆ ಎಷ್ಟು ಬಿತ್ತು, ದಿನಕ್ಕೆ ಎಷ್ಟು ಹೋಳು ತಿಂದೆವು ಎಂದು ನೋಡಿದರೆ ಸಾಕು. ಮನೆಯಲ್ಲೇ ಮಾಡುವುದರ ನಿಜವಾದ ಲಾಭ ಇದು: ಬೇಕರಿಯ ತಿಂಡಿಯಲ್ಲಿ ಏನು ಎಷ್ಟಿದೆ ಎಂದು ಊಹಿಸಬೇಕು, ಇಲ್ಲಿ ಅಳತೆಯ ಚಮಚ ನಮ್ಮ ಕೈಯಲ್ಲೇ ಇರುತ್ತದೆ.