ಶಾಗ್ಯದ ಬಾವಿಯೂ ರಾಯಚೂರಿನ ಉಗಿಯೂ

ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು ಈಗ ಹನೂರಿನ ಪಾಲಿಗೆ ಬಂದಿರುವ ಶಾಗ್ಯದಂಥ ಗ್ರಾಮದಲ್ಲಿ ರೈತನ ದಿನಚರಿಯನ್ನು ನಿರ್ಣಯಿಸತಕ್ಕದ್ದು ಸೂರ್ಯನಲ್ಲ, ಮೂರು ಫೇಸಿನ ವಿದ್ಯುತ್ತು. ಅದು ನಡುರಾತ್ರಿಯಲ್ಲಿ ಬಂದರೆ ನಡುರಾತ್ರಿಯಲ್ಲಿ ಏಳಬೇಕು. ಬೆಳಗಿನ ಜಾವ ಬಂದರೆ ಬೆಳಗಿನ ಜಾವ. ಕೊಳವೆಬಾವಿಯ ಮೋಟಾರು ತಿರುಗಿದಷ್ಟು ಹೊತ್ತು ಹಿಪ್ಪುನೇರಳೆಗೂ ಮುಸುಕಿನ ಜೋಳಕ್ಕೂ ನೀರು. ನಿಂತಮೇಲೆ ಆಕಾಶವೇ ಗತಿ. 2023ರಲ್ಲಿ ಮಳೆ ಕೈಕೊಟ್ಟಾಗ ಪಂಪ್‌ಸೆಟ್ಟುಗಳಿಗೆ ಏಳು ಗಂಟೆಯ ಬದಲು ಐದೇ ಗಂಟೆ ವಿದ್ಯುತ್ತು ಕೊಡುವಂತಾಗಿ, ರಾಜ್ಯದ ನಾನಾ ಕಡೆಗಳಲ್ಲಿ ರೈತರು ಬೀದಿಗೆ ಇಳಿದುದನ್ನು ವಾಚಕರು ಮರೆತಿರಲಾರರು. ಆಗ ಸರಕಾರದವರು ಹೊಸ ಕೇಂದ್ರಗಳ ಮಾತನ್ನೂ, ಹೊರರಾಜ್ಯಗಳಿಂದ ಕೊಳ್ಳುವ ವಿದ್ಯುತ್ತಿನ ಮಾತನ್ನೂ ಆಡಿದರು. ಈಗಾಗಲೇ ನಮ್ಮ ಕೈಯಲ್ಲಿರುವ ಕೇಂದ್ರಗಳಲ್ಲಿ ಸದ್ದಿಲ್ಲದೆ ಸೋರಿಹೋಗುತ್ತಿರುವ ಶಕ್ತಿಯ ಮಾತನ್ನು ಆಡಿದವರು ವಿರಳ. ಇಂದು ನಾವು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಕೊಳ್ಳೇಗಾಲದ ಸೀಮೆಯವರಿಗೆ ವಿದ್ಯುತ್ತೆಂದರೆ ಕಾವೇರಿ ಎಂಬ ಭಾವನೆ ಇರುವುದು ಸಹಜ. ಶಾಗ್ಯಕ್ಕೆ ಬಹು ದೂರವಲ್ಲದ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದಕ್ಕೆ ಮೊದಲು ಆ ಗಣಿಗಳ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದುವು. ನೀರು ಉಗಿಯನ್ನು ಓಡಿಸಿತೆಂದು ಅಂದಿನವರು ಹಿಗ್ಗಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಓಡಿಹೋದ ಉಗಿ ಹಿಂದಿರುಗಿ ಬಂದಿದೆ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾಯಿತು. ಕಾಲಕ್ರಮದಲ್ಲಿ 210 ಮೆಗಾವ್ಯಾಟಿನ ಏಳು ಘಟಕಗಳೂ 250ರ ಒಂದು ಘಟಕವೂ ಅಲ್ಲಿ ಎದ್ದುವು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್, ವಿಜಯಪುರ ಜಿಲ್ಲೆಯ ಕೂಡಗಿ, ಉಡುಪಿಯ ಎಲ್ಲೂರು ಇವೆಲ್ಲವೂ ಕಲ್ಲಿದ್ದಲಿನ ಕೇಂದ್ರಗಳೇ. ಕಾವೇರಿ, ಶರಾವತಿ, ಕಾಳಿ ನದಿಗಳು ಸೊರಗಿದ ವರ್ಷ ಶಾಗ್ಯದ ಮೋಟಾರನ್ನು ತಿರುಗಿಸಬೇಕಾದುದು ಈ ಉಗಿಯೇ. ಕಲ್ಲಿದ್ದಲೋ ನಮ್ಮ ನಾಡಿನಲ್ಲಿ ದೊರೆಯುವುದಿಲ್ಲ. ಸಿಂಗರೇಣಿಯಿಂದಲೋ ಒಡಿಶಾದಿಂದಲೋ ಅದು ರೈಲಿನಲ್ಲಿ ಬರಬೇಕು. ಉಡುಪಿಯದು ಹಡಗಿನಲ್ಲಿ ಪರದೇಶದಿಂದಲೇ ಬರುತ್ತದೆ. ಹೊರಗಿನಿಂದ ಹಣ ತೆತ್ತು ತಂದ ಪದಾರ್ಥವನ್ನು ಮನೆಯಲ್ಲಿ ಚೆಲ್ಲುವ ಗೃಹಸ್ಥನನ್ನು ನಾವು ಏನೆಂದು ಕರೆಯುತ್ತೇವೆ?

ಯಂತ್ರಶಾಸ್ತ್ರದ ಮಾತನ್ನು ಇಲ್ಲಿ ಸ್ವಲ್ಪ ಹೇಳದೆ ಗತ್ಯಂತರವಿಲ್ಲ, ವಾಚಕರು ಸೈರಿಸಬೇಕು. ಕುದಿಗಡಾಯಿಯಲ್ಲಿ ಹುಟ್ಟಿದ ಉಗಿಯು ಟರ್ಬೈನಿನ ಚಕ್ರಗಳನ್ನು ತಿರುಗಿಸಿ ಬಲಗುಂದಿ ಹೊರಬರುತ್ತದೆ. ಹಾಗೆ ಹೊರಬಂದ ಉಗಿಯನ್ನು ತಣ್ಣಗೆ ಮಾಡಿ ಮತ್ತೆ ನೀರಾಗಿಸುವ ದೊಡ್ಡ ಪೆಟ್ಟಿಗೆಗೆ ಕಂಡೆನ್ಸರೆಂದು ಹೆಸರು, ಕನ್ನಡದಲ್ಲಿ ಸಾಂದ್ರಕವೆನ್ನಬಹುದು. ಇಡ್ಲಿಯ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟುವ ನೀರನ್ನು ನೋಡಿದವರೆಲ್ಲರೂ ಸಾಂದ್ರಕವನ್ನು ನೋಡಿದವರೇ. ಶಾಖೋತ್ಪನ್ನ ಕೇಂದ್ರದ ಸಾಂದ್ರಕದಲ್ಲಿ ಹತ್ತು ಸಾವಿರಕ್ಕೂ ಮೇಲ್ಪಟ್ಟು ಸಣ್ಣ ಕೊಳವೆಗಳಿರುತ್ತವೆ. ಕೊಳವೆಗಳ ಒಳಗೆ ತಣ್ಣೀರು, ಹೊರಗೆ ಉಗಿ. 210 ಮೆಗಾವ್ಯಾಟಿನ ಒಂದು ಘಟಕಕ್ಕೆ ಗಂಟೆಗೆ ಸುಮಾರು 25,000 ಟನ್ ತಣ್ಣೀರು ಈ ಕೊಳವೆಗಳಲ್ಲಿ ಹರಿಯಬೇಕು.

ಇಷ್ಟೆಲ್ಲ ಪಾಡು ಏತಕ್ಕೆಂದು ಕೇಳಬಹುದು. ಉಗಿಯನ್ನು ಗಾಳಿಗೆ ಬಿಟ್ಟುಬಿಟ್ಟರೆ ಆಗದೆ? ಆಗದು. ಸಾಧಾರಣ ವಾಯುಭಾರದಲ್ಲಿ ಒಂದು ಲೀಟರ್ ನೀರು ಉಗಿಯಾದರೆ ಸುಮಾರು 1,600 ಲೀಟರಿನ ಜಾಗವನ್ನು ಆಕ್ರಮಿಸುತ್ತದೆ. ಆ ಉಗಿ ಮತ್ತೆ ನೀರಾದಾಗ ಅಷ್ಟು ಜಾಗವೂ ಬರಿದಾಗುತ್ತದೆ. ಈ ಬರಿದಿಗೆ ನಿರ್ವಾತವೆಂದು ಹೆಸರು. ಮುಂದೆ ನಿರ್ವಾತವಿದ್ದರೆ ಹಿಂದಿನಿಂದ ಬರುವ ಉಗಿ ಇನ್ನಷ್ಟು ಹಿಗ್ಗಿ, ಇನ್ನಷ್ಟು ಕೆಲಸ ಮಾಡಿ ಬರುತ್ತದೆ. ಮುಂದೆ ಒತ್ತಡವಿದ್ದರೆ ಅರ್ಧ ಕೆಲಸ ಮಾಡಿ ಬಂದುಬಿಡುತ್ತದೆ. 1712ರ ನ್ಯೂಕೊಮೆನ್ ಯಂತ್ರದಲ್ಲಿ ಸಿಲಿಂಡರಿನೊಳಕ್ಕೇ ತಣ್ಣೀರು ಚಿಮುಕಿಸುತ್ತಿದ್ದರು. ಪ್ರತಿಸಲವೂ ಸಿಲಿಂಡರು ತಣ್ಣಗಾಗಿ, ಅದನ್ನು ಮತ್ತೆ ಕಾಯಿಸುವುದಕ್ಕೇ ಉಗಿಯ ಬಹುಪಾಲು ವ್ಯಯವಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬಹುದೆಂದು 1765ರಲ್ಲಿ ಜೇಮ್ಸ್ ವಾಟನಿಗೆ ಹೊಳೆಯಿತು. 1769ರಲ್ಲಿ ಅವನು ಹಕ್ಕುಪತ್ರ ಪಡೆದದ್ದು ಆ ಪಾತ್ರೆಗಾಗಿ. ಉಗಿಯಂತ್ರವನ್ನು ವಾಟನೇ ಕಂಡುಹಿಡಿದನೆಂದು ಶಾಲೆಯ ಹುಡುಗರು ಬಾಯಿಪಾಠ ಮಾಡುತ್ತಾರೆ; ಅವನು ಮೊದಲು ಕಂಡುಹಿಡಿದದ್ದು ಸಾಂದ್ರಕವನ್ನು. ಇಂಗ್ಲೆಂಡಿನ ಐಶ್ವರ್ಯದ ಒಂದು ಬೇರು ಈ ತಣ್ಣನೆಯ ಪಾತ್ರೆಯಲ್ಲಿತ್ತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಇಂಥ ಘಟಕದಲ್ಲಿ ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಮೂವತ್ತೈದರ ಆಸುಪಾಸಿನಷ್ಟು ಮಾತ್ರ ವಿದ್ಯುತ್ತಾಗುತ್ತದೆ. ಅರ್ಧದಷ್ಟು ಶಾಖ ಸಾಂದ್ರಕದ ನೀರಿನೊಡನೆ ಹೊರಟುಹೋಗುತ್ತದೆ. ಇದರಲ್ಲಿ ಬಹುಪಾಲು ಪ್ರಕೃತಿಗೆ ತೆರಲೇಬೇಕಾದ ಕಂದಾಯ. ಫ್ರಾನ್ಸಿನ ಕಾರ್ನೋ 1824ರಷ್ಟು ಹಿಂದೆಯೇ ಇದರ ಮೂಲತತ್ತ್ವವನ್ನು ತೋರಿಸಿಕೊಟ್ಟನು. ನಮ್ಮ ತಕರಾರಿರುವುದು ಕಂದಾಯದ ಮೇಲೆ ಬೀಳುವ ದಂಡದ ವಿಷಯದಲ್ಲಿ. ಸಾಂದ್ರಕದೊಳಗಿನ ಒತ್ತಡವು ಇರಬೇಕಾದುದಕ್ಕಿಂತ ಪಾದರಸದ ಹತ್ತು ಮಿಲಿಮೀಟರಿನಷ್ಟು ಏರಿದರೆ, ಅಷ್ಟೇ ಕಲ್ಲಿದ್ದಲಿಗೆ ದೊರೆಯುವ ವಿದ್ಯುತ್ತು ಹೆಚ್ಚುಕಡಮೆ ನೂರಕ್ಕೆ ಒಂದು ಪಾಲು ಇಳಿಯುತ್ತದೆ. ನೂರಕ್ಕೆ ಒಂದು ಎಂದರೆ ಅಲ್ಪವೆಂದು ತೋರಬಹುದು. 210 ಮೆಗಾವ್ಯಾಟಿನಲ್ಲಿ ನೂರಕ್ಕೆ ಒಂದೆಂದರೆ 2,100 ಕಿಲೋವ್ಯಾಟ್. ಹಾದಿಯಲ್ಲಿ ತಂತಿಗಳ ನಷ್ಟವನ್ನು ಕಳೆದರೂ, ಐದು ಅಶ್ವಶಕ್ತಿಯ ನಾನೂರು ಪಂಪ್‌ಸೆಟ್ಟುಗಳು ಅದರಿಂದ ಏಕಕಾಲಕ್ಕೆ ನಡೆಯುತ್ತವೆ. ಕಲ್ಲಿದ್ದಲಿನ ಲೆಕ್ಕದಲ್ಲಿ ನೋಡಿದರೆ, ಪೂರ್ಣ ಭಾರದಲ್ಲಿ ಓಡುವ ಅಂಥ ಘಟಕಕ್ಕೆ ದಿನಕ್ಕೆ 3,000 ಟನ್ನಿಗೆ ಕಡಮೆಯಿಲ್ಲದೆ ಬೇಕು. ದಂಡವಾಗಿ ಹೋಗುವುದು ದಿನಕ್ಕೆ 30 ಟನ್, ಅಂದರೆ ರೈಲಿನ ಅರ್ಧ ವ್ಯಾಗನು. ಇದು ಒಂದು ಘಟಕಕ್ಕೆ, ಒಂದು ದಿನಕ್ಕೆ, ಹತ್ತೇ ಮಿಲಿಮೀಟರಿಗೆ.

ಹತ್ತು ಮಿಲಿಮೀಟರು ಕೆಡುವುದಕ್ಕೆ ಮಹಾ ಅಪರಾಧವೇನೂ ಬೇಕಿಲ್ಲ. ಕೊಳವೆಬಾವಿಯ ನೀರನ್ನು ಕಾಯಿಸುವ ಹಂಡೆಯ ಒಳಗೋಡೆಗೆ ಬಿಳಿಯ ಗಾರೆಯಂತೆ ಕರೆ ಹತ್ತುವುದನ್ನು ಹನೂರು ಸೀಮೆಯ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಸುಣ್ಣದ ಕರೆ ಸಾಂದ್ರಕದ ಕೊಳವೆಗಳ ಒಳಗೂ ಹತ್ತುತ್ತದೆ. ಅದರ ಜೊತೆಗೆ ನದಿಯ ಕೆಸರು, ಪಾಚಿ, ಲೋಳೆ. ಶಾಖವನ್ನು ದಾಟಿಸುವುದರಲ್ಲಿ ಈ ಕರೆ ಹಿತ್ತಾಳೆಗಿಂತ ಹತ್ತಾರು ಪಟ್ಟು ಹಿಂದು. ಎರಡನೆಯ ಶತ್ರು ಗಾಳಿ. ನಿರ್ವಾತವಿದ್ದಲ್ಲಿಗೆ ಹೊರಗಿನ ಗಾಳಿ ಸಣ್ಣ ಬಿರುಕಿನಿಂದಲೂ, ಸಡಿಲವಾದ ಜೋಡಣೆಯಿಂದಲೂ ನುಗ್ಗುತ್ತದೆ. ನೀರಾಗದ ಆ ಗಾಳಿ ಕೊಳವೆಗಳ ಸುತ್ತ ಕಂಬಳಿಯಂತೆ ಹೊದ್ದುಕೊಂಡು ಉಗಿಯನ್ನು ಹತ್ತಿರ ಸೇರಗೊಡುವುದಿಲ್ಲ. ಮೂರನೆಯದು ತಣಿಸುವ ಗೋಪುರಗಳ ಅನಾದರ. ನಡು ಸಣ್ಣಗಾದ ಆ ಬೃಹತ್ ಗೋಪುರಗಳಿಂದ ಏಳುವುದನ್ನು ಹೊಗೆಯೆಂದು ದಾರಿಹೋಕರು ಭಾವಿಸುವುದುಂಟು. ಅದು ನೀರಿನ ಆವಿಯೇ ಹೊರತು ಹೊಗೆಯಲ್ಲ. ಗೋಪುರದೊಳಗೆ ನೀರು ಚಿಮ್ಮುವ ತೂತುಗಳು ಕಟ್ಟಿಕೊಂಡರೆ, ನೀರನ್ನು ಹರಡುವ ಹಲಗೆಗಳು ಮುರಿದುಬಿದ್ದರೆ, ನೀರು ಸಾಕಷ್ಟು ತಣಿಯದೆ ಸಾಂದ್ರಕಕ್ಕೆ ಮರಳುತ್ತದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಒತ್ತಡ ಸುಮಾರು ನಾಲ್ಕು ಮಿಲಿಮೀಟರು ಏರುತ್ತದೆ.

ಇವಕ್ಕೆಲ್ಲ ಪರಿಹಾರವಿಲ್ಲವೆಂದಲ್ಲ. ರಬ್ಬರಿನ ಮೃದುವಾದ ಚೆಂಡುಗಳನ್ನು ನೀರಿನೊಡನೆ ಕೊಳವೆಗಳಲ್ಲಿ ಹಾಯಿಸಿ, ಯಂತ್ರ ಓಡುತ್ತಿರುವಾಗಲೇ ಒಳಮೈಯನ್ನು ಉಜ್ಜುವ ಉಪಾಯ ಜರ್ಮನಿಯಲ್ಲಿ ಹುಟ್ಟಿ ಲೋಕದಲ್ಲೆಲ್ಲ ಹರಡಿದೆ. ಚೆಂಡುಗಳು ಕ್ರಮೇಣ ಸವೆಯುತ್ತವೆ, ಕಳೆದುಹೋಗುತ್ತವೆ. ಹೊಸ ಚೆಂಡುಗಳನ್ನು ತರಿಸದಿದ್ದರೆ ಲಕ್ಷಾಂತರ ರೂಪಾಯಿಯ ಸಲಕರಣೆ ಗೋಡೆಯ ಅಲಂಕಾರವಾಗುತ್ತದೆ. ಗಾಳಿ ನುಗ್ಗುವ ಬಿರುಕನ್ನು ಹೀಲಿಯಂ ಅನಿಲದ ಸಹಾಯದಿಂದ ಪತ್ತೆಹಚ್ಚಬಹುದು. ಗಟ್ಟಿಯಾದ ಕರೆಯನ್ನು ಘಟಕ ನಿಂತಾಗ ಕುಂಚಗಳಿಂದಲೋ ಆಮ್ಲದಿಂದಲೋ ತೆಗೆಯಬಹುದು. ಇವುಗಳಲ್ಲಿ ಯಾವುದೂ ಗುಪ್ತವಿದ್ಯೆಯಲ್ಲ; ನಮ್ಮ ಇಂಜನಿಯರುಗಳಿಗೆ ಇದೆಲ್ಲವೂ ಕರತಲಾಮಲಕ. ಕೆಡುವುದು ಎಲ್ಲಿ ಎಂದರೆ, ಹೊಸ ಕೇಂದ್ರದ ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ, ಪಟಗಳು ಅಚ್ಚಾಗುತ್ತವೆ. ಕೊಳವೆ ಉಜ್ಜಿದ ದಿನ ಯಾರೂ ಹಾರ ಹಾಕುವುದಿಲ್ಲ. ಯಾವುದೋ ಒಂದು ಕೇಂದ್ರವನ್ನು ಗುರಿಮಾಡಿ ನಾವು ಈ ಮಾತನ್ನು ಹೇಳುತ್ತಿಲ್ಲ. ಕೆರೆಯ ಹೂಳಿನಿಂದ ಹಿಡಿದು ಶಾಲೆಯ ಹೆಂಚಿನವರೆಗೆ ನಮ್ಮ ಸಾರ್ವಜನಿಕ ಜೀವನವನ್ನೆಲ್ಲ ವ್ಯಾಪಿಸಿರುವ ರೋಗವಿದು.

ಇದಕ್ಕೆ ಅಧಿಕಾರಿಗಳ ಕಡೆಯಿಂದ ಬರುವ ಉತ್ತರವನ್ನು ನಾವು ಬಲ್ಲೆವು: ವಿದ್ಯುತ್ತಿಗೆ ಇಷ್ಟು ಹಾಹಾಕಾರವಿರುವಾಗ ಘಟಕವನ್ನು ನಿಲ್ಲಿಸಿ ತೊಳೆಯುವುದು ಹೇಗೆ? ಉತ್ತರದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮಾರ್ಚಿ ತಿಂಗಳ ಸಂಜೆ ಏಳು ಗಂಟೆಗೆ ಘಟಕವನ್ನು ನಿಲ್ಲಿಸೆಂದು ಯಾರೂ ಹೇಳಲಾರರು. ಆದರೆ ಅನೇಕ ಘಟಕಗಳಲ್ಲಿ ಸಾಂದ್ರಕದ ನೀರಿನ ದಾರಿಯನ್ನು ಎರಡು ಭಾಗವಾಗಿ ಕಟ್ಟಿರುತ್ತಾರೆ. ಒಂದು ಭಾಗವನ್ನು ಮುಚ್ಚಿ ತೊಳೆಯುವಾಗ ಇನ್ನೊಂದು ಭಾಗದಿಂದ ಕಡಮೆ ಭಾರದಲ್ಲಿ ಯಂತ್ರವನ್ನು ನಡೆಸಬಹುದು. ಕಡಮೆ ಭಾರಕ್ಕೆ ಸಮಯ ಯಾವುದೆಂಬುದೇ ಹಿಂದೆ ಕಷ್ಟದ ಪ್ರಶ್ನೆಯಾಗಿತ್ತು. ಈಗ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಕ್ಷೇತ್ರವಿದೆ. ಬಿಸಿಲು ಏರಿದ ಹೊತ್ತಿನಲ್ಲಿ ಸೌರಶಕ್ತಿ ಹರಿದುಬಂದಾಗ ಕಲ್ಲಿದ್ದಲಿನ ಘಟಕಗಳು ತಾವಾಗಿಯೇ ಭಾರವನ್ನು ಇಳಿಸಿಕೊಳ್ಳಬೇಕಾಗುತ್ತದೆ. ಆ ನಡುಹಗಲಿನ ಗಂಟೆಗಳೇ ಕೊಳವೆ ತೊಳೆಯುವ ಗಂಟೆಗಳಾಗಬಾರದೇಕೆ? ಸೂರ್ಯನು ದುಡಿಯುವಾಗ ಉಗಿಯ ಮನೆಯನ್ನು ಗುಡಿಸಿಟ್ಟುಕೊಂಡರೆ, ಸೂರ್ಯ ಮುಳುಗಿದಮೇಲೆ ಅದು ಪೂರ್ಣ ಬಲದಿಂದ ದುಡಿಯುತ್ತದೆ.

ನೇಮನಿಷ್ಠೆ ನಮ್ಮವರಿಂದ ಆಗದ ಕೆಲಸವೆಂದು ಮೂಗುಮುರಿಯುವವರು ಕೈಗಾದ ಕಡೆಗೆ ನೋಡಲಿ. ಅಲ್ಲಿ ಶಾಖವನ್ನು ಕೊಡತಕ್ಕದ್ದು ಕಲ್ಲಿದ್ದಲಲ್ಲ, ಅಣು. ಆದರೂ ಟರ್ಬೈನನ್ನು ತಿರುಗಿಸುವುದು ಉಗಿಯೇ, ಆ ಉಗಿಯನ್ನು ತಣಿಸುವುದು ಕಾಳಿ ನದಿಯ ಕದ್ರಾ ಜಲಾಶಯದ ನೀರೇ. ಅಲ್ಲಿನ ಮೊದಲನೆಯ ಘಟಕ 2018ರ ಡಿಸೆಂಬರಿನ ಕೊನೆಯವರೆಗೆ 962 ದಿವಸ ಒಂದೇ ಸಮನೆ ಓಡಿ, ಅಂದಿಗೆ ಪ್ರಪಂಚದ ದಾಖಲೆಯನ್ನೇ ಸ್ಥಾಪಿಸಿತು. ಸಾಂದ್ರಕವೂ ಪಂಪುಗಳೂ ಕವಾಟಗಳೂ ಸುಸ್ಥಿತಿಯಲ್ಲಿಲ್ಲದೆ ಅಷ್ಟು ದೀರ್ಘಕಾಲದ ಓಟ ಸಾಧ್ಯವೆ?

ವಿಷಯ ದೊಡ್ಡ ಕೇಂದ್ರಗಳಿಗೆ ಮಾತ್ರ ಸೀಮಿತವೆಂದು ಕೊಳ್ಳೇಗಾಲದವರು ಭಾವಿಸಬೇಕಾಗಿಲ್ಲ. ಅವರ ಸೀಮೆಯ ಕುಂತೂರಿನಲ್ಲಿಯೇ ಸಕ್ಕರೆಯ ಕಾರ್ಖಾನೆಯಿದೆ. ಸಕ್ಕರೆಯ ಪಾಕವನ್ನು ತೆರೆದ ಕೊಪ್ಪರಿಗೆಯಲ್ಲಿ ಕಾಯಿಸಿದರೆ ಬೆಲ್ಲದಂತೆ ಕಂದಾಗುತ್ತದೆ; ಆದಕಾರಣ ಕಾರ್ಖಾನೆಗಳಲ್ಲಿ ಅದನ್ನು ನಿರ್ವಾತದ ಕಡಾಯಿಯಲ್ಲಿ ಕಡಮೆ ಉಷ್ಣದಲ್ಲಿ ಕುದಿಸುತ್ತಾರೆ. ಆ ನಿರ್ವಾತವನ್ನು ಒದಗಿಸತಕ್ಕದ್ದೂ ಸಾಂದ್ರಕವೇ. ಎಲ್ಲಿಯೇ ಆಗಲಿ ಸಕ್ಕರೆಯ ಕಾರ್ಖಾನೆ ಉಗಿಯನ್ನು ಮಿತವಾಗಿ ಬಳಸಿದರೆ ಕಬ್ಬಿನ ಸಿಪ್ಪೆ ಉಳಿಯುತ್ತದೆ. ಉಳಿದ ಸಿಪ್ಪೆಯಿಂದ ವಿದ್ಯುತ್ತನ್ನು ಮಾಡಿ ಮಾರಬಹುದು. ಆ ವರಮಾನದಲ್ಲಿ ಕಬ್ಬು ಬೆಳೆದವನಿಗೂ ಪಾಲು ಬರಬೇಕೆಂಬುದು ನ್ಯಾಯವಾದ ಬೇಡಿಕೆಯೇ ಆದರೂ, ಅದನ್ನು ಇನ್ನೊಂದು ದಿನ ಪ್ರತ್ಯೇಕವಾಗಿ ವಿಚಾರಿಸಬೇಕಾಗುತ್ತದೆ.

ಶಾಸ್ತ್ರಜ್ಞರ ಕೆಲಸವೂ ಮುಗಿದಿಲ್ಲ. ಸಾಮಾನ್ಯವಾಗಿ ಉಗಿಯು ಕೊಳವೆಯ ಹೊರಮೈಯಲ್ಲಿ ನೀರಿನ ತೆಳುವಾದ ಪರೆಯಾಗಿ ಕಟ್ಟಿಕೊಳ್ಳುತ್ತದೆ. ಆ ಪರೆಯೇ ಮುಂದಿನ ಉಗಿಗೆ ಅಡ್ಡಿ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಮುತ್ತಾಗಿ ಉರುಳಿಹೋಗುವಂತೆ ಕೊಳವೆಯ ಮೇಲೂ ಹನಿಹನಿಯಾಗಿ ಉದುರುವಂತಾದರೆ ಶಾಖ ಹಲವು ಪಟ್ಟು ಬೇಗ ದಾಟುತ್ತದೆ. 1930ರ ಸುಮಾರಿನಲ್ಲಿಯೇ ಜರ್ಮನಿಯ ಶಾಸ್ತ್ರಜ್ಞರು ಇದನ್ನು ತೋರಿಸಿದರು. ಕಾರ್ಖಾನೆಯ ಉಗಿಯ ಹೊಡೆತಕ್ಕೆ ವರ್ಷಗಟ್ಟಲೆ ತಾಳುವ ಲೇಪನವನ್ನು ತಯಾರಿಸುವುದೇ ಅಂದಿನಿಂದ ಇಂದಿನವರೆಗೆ ಬಿಡಿಸಬೇಕಾದ ಗಂಟು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಮಂದಿರವೂ, 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೂ ಬೆಂಗಳೂರಿನಲ್ಲಿವೆ. ಪ್ರಯೋಗಶಾಲೆ ನಮ್ಮಲ್ಲಿದೆ, ಪ್ರಯೋಗಕ್ಕೆ ಬೇಕಾದ ಘಟಕಗಳೂ ನಮ್ಮಲ್ಲಿವೆ. ಇವೆರಡನ್ನೂ ಗಂಟುಹಾಕುವ ಕೆಲಸ ಸರಕಾರದ್ದು.

ಆದರೆ ಹೊಸ ಲೇಪನ ಬರುವ ತನಕ ಹಳೆಯ ಕರೆಯನ್ನು ಇಟ್ಟುಕೊಂಡಿರುವುದು ಜಾಣತನವಲ್ಲ. ಇಷ್ಟು ಕೋಟಿ ಯೂನಿಟ್ ಉತ್ಪಾದಿಸಿದೆವೆಂಬ ಅಂಕಿ ಜನರ ಕೈಗೆ ಸಿಗುವ ಪ್ರಕಟಣೆಗಳಲ್ಲಿ ಎದ್ದುಕಾಣುತ್ತದೆ. ಯಾವ ಘಟಕದ ನಿರ್ವಾತ ಎಷ್ಟಿರಬೇಕಾಗಿತ್ತು, ಎಷ್ಟಿತ್ತು ಎಂಬ ಅಂಕಿಯನ್ನು ದೀಪ ಹಿಡಿದು ಹುಡುಕಬೇಕು. ನಿಯಂತ್ರಣ ಕೊಠಡಿಯಲ್ಲಿ ಈ ಅಂಕಿಯನ್ನು ಗಂಟೆಗಂಟೆಗೂ ಬರೆದಿಡುತ್ತಾರೆ. ಹೊಸದಾಗಿ ಅಳೆಯಬೇಕಾದುದು ಏನೂ ಇಲ್ಲ. ಬರುವ ಬೇಸಿಗೆಗೆ ಮುಂಚೆ ಇಂಧನ ಇಲಾಖೆಯವರು ರಾಜ್ಯದ ಪ್ರತಿಯೊಂದು ಶಾಖೋತ್ಪನ್ನ ಘಟಕದ ಈ ಎರಡು ಅಂಕಿಗಳನ್ನೂ, ಸಾಂದ್ರಕವನ್ನು ಕಡೆಯ ಬಾರಿ ತೊಳೆದ ತಾರೀಖನ್ನೂ ಶಾಸನಸಭೆಯ ಮುಂದಿಡಬೇಕೆಂದು ನಾವು ಕೇಳುತ್ತೇವೆ. ಆಮೇಲೆ ತಿಂಗಳಿಗೊಮ್ಮೆ ಅವನ್ನು ಪ್ರಕಟಿಸುತ್ತ ಬರಲಿ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳನ್ನು ಪ್ರತಿನಿಧಿಸುವ ಸದಸ್ಯರು, ತಮ್ಮಲ್ಲಿ ಶಾಖೋತ್ಪನ್ನ ಕೇಂದ್ರವಿಲ್ಲವೆಂದು ಸುಮ್ಮನಿರದೆ, ಈ ಪ್ರಶ್ನೆಯನ್ನು ಮೊದಲು ಎತ್ತಲಿ. ಅಂಕಿಗಳು ಹೊರಬಂದ ದಿನ ಅವನ್ನು ಒಂದೂ ಬಿಡದೆ ನಾವು ಇದೇ ಪುಟದಲ್ಲಿ ಅಚ್ಚುಮಾಡುತ್ತೇವೆ.